ಕೆಳಗಿನ ಮನೆಯ ಚಾವಣಿ

ಗಂಡನಿಂದ ಬೇರೆಯಾಗಿ ಪುಣೆಗೆ ಬಂದ ಹೊಸತರಲ್ಲಿ ನಾನು ಮನೆ ಹುಡುಕಿಕೊಂಡು ಹೋದ ಕಡೆಯೆಲ್ಲ ಮೊದಲ ಪ್ರಶ್ನೆ ಒಂದೇ: "ಮಿಸ್ಟರ್ ಕುಠೆ ಅಸ್ತಾತ್?" ಯಜಮಾನರು ಎಲ್ಲಿರುತ್ತಾರೆ ಎಂದು. ಬೆಳಗಾವಿಯಲ್ಲಿ ಎಂದರೆ, ಇಲ್ಲಿಗೆ ಯಾವಾಗ ಬರುತ್ತಾರೆ ಎಂಬುದು ಮುಂದಿನ ಪ್ರಶ್ನೆ. ಬರುವುದಿಲ್ಲ ಎಂದರೆ ಆಮೇಲೆ ಪ್ರಶ್ನೆಯೇ ಇರುತ್ತಿರಲಿಲ್ಲ. ಮನೆ ತೋರಿಸುತ್ತಿದ್ದವರು ಅಡುಗೆಮನೆಯ ದೀಪ ಆರಿಸಿ, ಕೀಲಿಕೈ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ವಾಕಡದ ದೊಡ್ಡದೊಂದು ಕಾಂಪ್ಲೆಕ್ಸಿನಲ್ಲಿ ಮ್ಯಾನೇಜರ್ ನನ್ನನ್ನು ಗೇಟಿನಲ್ಲೇ ನಿಲ್ಲಿಸಿ, ಇಲ್ಲಿ ಫ್ಯಾಮಿಲಿಗಳಿಗೆ ಮಾತ್ರ ಎಂದ. "ನನ್ನ ತಾಯಿ ನನ್ನ ಜೋಡಿ ಇರ್ತಾರ, ಅದು ಫ್ಯಾಮಿಲಿ ಅಲ್ಲೇನು?" ಎಂದು ನನಗೆ ಗೊತ್ತಿದ್ದ ಮರಾಠಿಯಲ್ಲಿ ಕೇಳಿದೆ. ವಿಚಾರ ಮಾಡಿ ಹೇಳುತ್ತೇನೆ ಎಂದ. ಇವತ್ತಿಗೂ ವಿಚಾರ ಮಾಡುತ್ತಿರಬೇಕು.

ನಾನು ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಅಂಗಡಿ ಸ್ವಾರಗೇಟಿನ ಹತ್ತಿರ. ಮಧ್ಯಾಹ್ನ ಊಟಕ್ಕೆ ಹೋಗುತ್ತಿದ್ದ ಹೋಟೆಲಿನ ಮಾಲೀಕರು ಕುಂದಾಪುರದ ಕಡೆಯವರು. ತಲೆ ಪೂರ್ತಿ ನರೆತಿದ್ದರೂ ಗಲ್ಲಾದ ಮೇಲೆ ಕೂತವರು ಎದ್ದು ಬಂದು ತಾವೇ ಸಾರು ಬಡಿಸುವ ಜಾತಿ. ಮಹಿಳಾ ಪಿ.ಜಿ.ಯೊಂದರಲ್ಲಿ ಮೂರು ಜನರ ಕೋಣೆಯಲ್ಲಿ ನಾನು ಇರುವುದು, ಧಾರವಾಡದಲ್ಲಿ ಅವ್ವ ಅಣ್ಣನ ಮನೆಯ ಹಜಾರದಲ್ಲಿ ಮಲಗುವುದು, ಇದೆಲ್ಲ ಅವರಿಗೆ ಸ್ವಲ್ಪಸ್ವಲ್ಪವಾಗಿ ಗೊತ್ತಾಗಿತ್ತು. ಒಂದು ದಿನ ಮಜ್ಜಿಗೆ ತಂದಿಟ್ಟು ಹೇಳಿದರು:

"ನಮ್ಮ ಬಿಲ್ಡಿಂಗಿನಲ್ಲಿ ಎರಡನೇ ಮಾಳಿಗೆಯಲ್ಲಿ ಒಂದು ಮನೆ ಖಾಲಿ ಉಂಟು. ಹಳೇ ಬಿಲ್ಡಿಂಗ್ ಮಾರಾಯ್ರೆ, ಲಿಫ್ಟು ಗಿಫ್ಟು ಎಂಥದೂ ಇಲ್ಲ. ಮಾಲೀಕರು ನಾಶಿಕದಲ್ಲಿ. ನಾನೇ ಫೋನು ಮಾಡಿ ಹೇಳ್ತೇನೆ. ನಾನೂ ಅಲ್ಲಿ ಬಾಡಿಗೆಯವನೇ. ಇಲ್ಲಿಗೆ ಬಂದಾಗಿನಿಂದ ಬಾಡಿಗೆಯವನೇ."

ಮನೆ ಗುಲ್‌ಟೇಕಡಿಯಲ್ಲಿ, ಮಾರ್ಕೆಟ್ ಯಾರ್ಡಿಗೆ ನಡೆದು ಹೋಗುವಷ್ಟು ಹತ್ತಿರ. ಬೆಳಗಿನ ಹೊತ್ತು ಲಾರಿಗಳ ಸಾಲು ಇರುತ್ತಿತ್ತು. ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎನ್ನುವುದರ ಮೇಲೆ ಮನೆಯೊಳಗೆ ಈರುಳ್ಳಿಯೋ ಚೆಂಡುಹೂವೋ ಹಸಿಶುಂಠಿಯೋ ವಾಸನೆ ಬರುತ್ತಿತ್ತು. ಒಂದು ಕೋಣೆ, ಹಜಾರ, ಅಡುಗೆಮನೆ, ಅದರ ಹಿಂದೆ ಪಾತ್ರೆ ತೊಳೆಯುವ ಸಣ್ಣ ಬಾಲ್ಕನಿ. ಏಜೆಂಟ್ ಬೆರಳಚ್ಚು ತೆಗೆದುಕೊಳ್ಳುವ ಯಂತ್ರವನ್ನು ಮನೆಗೇ ತಂದು ಹನ್ನೊಂದು ತಿಂಗಳ ಕರಾರು ಮಾಡಿಸಿದ. ಪೊಲೀಸ್ ಠಾಣೆಗೆ ಕೊಡಬೇಕಾದ ಮಾಹಿತಿಯನ್ನೂ ಅವನೇ ತುಂಬಿದ. ಹೋಟೆಲಿನ ಮಾಲೀಕರು ಮೊದಲೇ ಹೇಳಿದ್ದರಿಂದ ನಾನು ಸಹಿ ಹಾಕುವ ಮುನ್ನ ಎಲ್ಲವನ್ನೂ ಓದಿದೆ. "ಸ್ಟ್ಯಾಂಡರ್ಡ್ ಆಹೇ ಮ್ಯಾಡಮ್" ಎಂದು ಅವನು ಗಡಿಯಾರ ನೋಡಿಕೊಳ್ಳುತ್ತಿದ್ದ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ ಎಂದಿತ್ತು. ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು, ದೊಡ್ಡ ರಿಪೇರಿ ಮಾಲೀಕರದು ಎಂದೂ ಇತ್ತು. ಸಣ್ಣದು ಎಲ್ಲಿ ಮುಗಿದು ದೊಡ್ಡದು ಎಲ್ಲಿ ಶುರುವಾಗುತ್ತದೆ ಎಂದು ಬರೆದಿರಲಿಲ್ಲ.

ಅವ್ವ ಬಂದಳು. ಎರಡು ಟ್ರಂಕು, ರೊಟ್ಟಿ ಬಡಿಯುವ ಕಲ್ಲು, ಅಪ್ಪನ ದೊಡ್ಡ ಫೋಟೋ. ಮೊಳೆ ಹೊಡೆಯುವಂತಿಲ್ಲ ಎಂದಾಗ ಅವ್ವ ಫೋಟೋ ಹಿಡಿದುಕೊಂಡೇ ನಿಂತಳು. "ಹಂಗಾರ ಅವರನ್ನ ಎಲ್ಲಿ ಕುಂಡ್ರಸೂದು?" ಎಂದು ಕೇಳಿದಳು. ಕೊನೆಗೆ ಹಜಾರದ ಮೂಲೆಯಲ್ಲಿ ಸ್ಟೂಲಿನ ಮೇಲೆ, ಗೋಡೆಗೆ ಒರಗಿಸಿ ಇಟ್ಟಳು. ಬಂದವರ ಮೊಣಕಾಲಿನ ಎತ್ತರಕ್ಕೆ ಅಪ್ಪ ನಗುತ್ತಿದ್ದರು. ಅವ್ವನಿಗೆ ಅದು ಚುಚ್ಚುತ್ತಿತ್ತು ಎಂದು ನನಗೆ ಗೊತ್ತು. ಆದರೆ ಇಲ್ಲಿಯ ನಿಯಮ ಏನಿದೆಯೋ ಅದನ್ನು ಅವಳು ಮುರಿಯಲಿಲ್ಲ. ಕೆಳಗಿನವರಿಗೆ ಸಪ್ಪಳವಾಗಬಾರದೆಂದು ರೊಟ್ಟಿ ಬಡಿಯುವಾಗ ಕಲ್ಲಿನ ಕೆಳಗೆ ಹಳೆಯ ಕೌದಿ ಮಡಿಸಿ ಹಾಕುತ್ತಿದ್ದಳು.

ಕೆಳಗಿನವರು ಯಾರೆಂದು ನಮಗೆ ಸರಿಯಾಗಿ ತಿಳಿದದ್ದು ಮಳೆಗಾಲದಲ್ಲಿ. ಒಂದು ಸಂಜೆ ಬಾಗಿಲು ಬಡಿದ ರಭಸಕ್ಕೆ ಅವ್ವ ಅಡುಗೆಮನೆಯಿಂದ ಓಡಿ ಬಂದಳು. ಹೊರಗೆ ಒಬ್ಬ ಮರಾಠಿ ಹೆಂಗಸು ನಿಂತಿದ್ದರು. ಅರವತ್ತು ದಾಟಿದ್ದ, ನೀಟಾಗಿ ಹತ್ತಿಯ ಸೀರೆ ಉಟ್ಟಿದ್ದ, ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಬಾಯಿ; ಟೀಚರಮ್ಮನನ್ನು ಇಲ್ಲಿಯವರು ಹಾಗೇ ಕರೆಯುತ್ತಾರೆ. ನಮ್ಮ ಬಚ್ಚಲಿನ ನೀರು ತಮ್ಮ ಚಾವಣಿಯಿಂದ ಇಳಿಯುತ್ತಿದೆ ಎಂದರು. ಗೊತ್ತಿರಲಿಲ್ಲ, ನೋಡುತ್ತೇನೆ ಎಂದು ನಾನು ಹೇಳುವಷ್ಟರಲ್ಲಿ ಅವರ ದನಿ ಏರಿತು.

"ತುಮ್ಹಾಲಾ ಕಾಯ್! ತುಮ್ಹೀ ಭಾಡೇಕರೂ. ಆಜ್ ಇಥೇ, ಉದ್ಯಾ ತಿಥೇ."

ನಿಮಗೇನು, ಬಾಡಿಗೆಯವರು, ಇವತ್ತು ಇಲ್ಲಿ, ನಾಳೆ ಅಲ್ಲಿ. ಆ ಮಾತು ಅವ್ವನಿಗೂ ಅರ್ಥವಾಯಿತು. ಅವಳು ನನ್ನ ಮುಖ ನೋಡಿದಳು. ನನಗೆ ಸಿಟ್ಟು ಬಂದಿತ್ತು, ಉತ್ತರವೂ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವ್ವ ಚಪ್ಪಲಿ ಮೆಟ್ಟಿಕೊಂಡು, "ನಡಿ, ಮೊದಲ ನೋಡಿ ಬರೂಣು" ಎಂದು ಮೆಟ್ಟಿಲು ಇಳಿಯತೊಡಗಿದಳು.

ನಮ್ಮ ಬಚ್ಚಲಿನ ಸರಿಯಾಗಿ ಕೆಳಗೆ ಅವರ ಬಚ್ಚಲು ಇರಲಿಲ್ಲ. ಹಿಂದೆ ಯಾವಾಗಲೋ ಅವರು ಬಚ್ಚಲನ್ನು ಅಡುಗೆಮನೆಯ ಕಡೆಗೆ ಸರಿಸಿ, ಆ ಜಾಗವನ್ನು ಕೋಣೆಗೆ ಸೇರಿಸಿಕೊಂಡಿದ್ದರು. ಆ ಕೋಣೆಯಲ್ಲಿ ಆಸ್ಪತ್ರೆಯ ಥರದ ಮಂಚ, ಮಂಚದ ಮೇಲೆ ಅವರ ತಮ್ಮ. ಪಾರ್ಶ್ವವಾಯು ಬಡಿದು ಒಂದು ಮಗ್ಗುಲು ಬಿದ್ದುಹೋದ ಮನುಷ್ಯ. ಕೋಣೆಯ ಬಾಗಿಲು ಕಿರಿದು, ಮಂಚ ಅಗಲ. ಮಂಚ ಒಳಗೆ ತಂದ ಮೇಲೆಯೇ ಜೋಡಿಸಿದ್ದಂತೆ. ಮಂಚ ಸರಿಸಲು ಆ ಕೋಣೆಯಲ್ಲಿ ಜಾಗವಿರಲಿಲ್ಲ. ಮೇಲೆ ಚಾವಣಿಯ ಸುಣ್ಣ ಉಬ್ಬಿ, ಕಂದು ಬಣ್ಣದ ಕಲೆ ಹರಡಿತ್ತು. ಅದರ ನಡುವಿನಿಂದ ಹನಿ ಹುಟ್ಟಿ, ದಪ್ಪಗಾಗಿ, ಆತನ ಕಾಲ ಬಳಿ ಇಟ್ಟಿದ್ದ ಸ್ಟೀಲ್ ಡಬರಿಗೆ ಬೀಳುತ್ತಿತ್ತು. ಹೊದಿಕೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರು. ಆತ ನಮ್ಮನ್ನು ನೋಡಿ ಒಂದು ಕೈ ಎತ್ತಿ ನಮಸ್ಕಾರ ಮಾಡಿದ. ನಾನೂ ಕೈ ಮುಗಿದೆ. ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

ಮೇಲೆ ಬಂದು ಮಾಲೀಕರಿಗೆ ಫೋನ್ ಮಾಡಿದೆ. ನಾಶಿಕದಿಂದ ಅವರು ಸಮಾಧಾನದಿಂದಲೇ ಮಾತಾಡಿದರು. ಮಳೆಗಾಲದಲ್ಲಿ ಹಳೆಯ ಕಟ್ಟಡಗಳಲ್ಲಿ ಇದೆಲ್ಲ ಇದ್ದದ್ದೇ, ನೀವು ನೀರು ಕಡಿಮೆ ಬಳಸಿ, ಬೇಕಾದರೆ ಪ್ಲಂಬರನನ್ನು ಕರೆಸಿ ನಲ್ಲಿ ಬಿಗಿ ಮಾಡಿಸಿ ಎಂದರು. ಪ್ಲಂಬರನನ್ನು ಕರೆಸಿದೆ. ನಲ್ಲಿಯಲ್ಲಿ ಏನೂ ಇರಲಿಲ್ಲ. ನೆಲದ ಟೈಲ್ಸ್ ಕೆಳಗಿನ ಪದರ ಸತ್ತಿದೆ, ಗೋಡೆಯೊಳಗಿನ ಪೈಪೂ ಹಳೆಯದು, ಎಲ್ಲ ಅಗೆದು ಹೊಸದಾಗಿ ಮಾಡಬೇಕು ಎಂದ. ಅದನ್ನು ಹೇಳಲು ಮತ್ತೆ ಫೋನ್ ಮಾಡಿದರೆ ಮಾಲೀಕರು ಎತ್ತಲಿಲ್ಲ. ಕಟ್ಟಡದ ಮನೆಮಾಲೀಕರ ಸೊಸೈಟಿಯ ಸೆಕ್ರೆಟರಿ, ಯಾರ್ಡಿನಲ್ಲಿ ಶುಂಠಿ ಬೆಳ್ಳುಳ್ಳಿಯ ವ್ಯಾಪಾರಿ, ನನ್ನ ಮಾತನ್ನು ಅರ್ಧಕ್ಕೇ ತಡೆದರು. ಸೊಸೈಟಿಯವರು ಬಾಡಿಗೆಯವರೊಂದಿಗೆ ವ್ಯವಹರಿಸುವುದಿಲ್ಲ, ಮಾಲೀಕರನ್ನು ಕಳಿಸಿ, ಇಲ್ಲವಾದರೆ ನಿಮ್ಮ ನೀರಿನ ಸಂಪರ್ಕ ತೆಗೆಯಬೇಕಾಗುತ್ತದೆ ಎಂದರು.

ನನ್ನ ಸ್ಥಿತಿ ವಿಚಿತ್ರವಾಗಿತ್ತು. ನೆಲ ಅಗೆಯುವ ಹಕ್ಕು ನನಗಿಲ್ಲ. ಆ ನೆಲದ ಮೇಲೆ ನೀರು ಸುರಿಯುತ್ತಿದ್ದವಳು ಮಾತ್ರ ನಾನೇ. ಮನೆ ನನ್ನದಲ್ಲ ಎಂದು ಕೈ ತೊಳೆದುಕೊಳ್ಳಬಹುದಿತ್ತು, ಕಾಗದದ ಪ್ರಕಾರ ಅದು ತಪ್ಪೂ ಅಲ್ಲ. ಅಂಗಡಿಯಲ್ಲಿ ಕತ್ತಲ ಕೋಣೆಯಲ್ಲಿ ಕೂತು ಯಾರದೋ ಕಣ್ಣಿಗೆ ದೀಪ ಹಿಡಿದಾಗಲೂ ಆ ಡಬರಿಯ ಸಪ್ಪಳ ನೆನಪಾಗುತ್ತಿತ್ತು.

ದಾರಿ ತೆಗೆದವಳು ಅವ್ವ. ಮರುದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ಬಚ್ಚಲಿನ ನೀರಿನ ವಾಲ್ವ್ ತಿರುಗಿಸಿ ಬಂದ್ ಮಾಡಿದ್ದಳು. ನೆಲ ಒರೆಸಿ ಒಣಗಿಸಿದ್ದಳು. ಪಾತ್ರೆ ತೊಳೆಯುವ ಬಾಲ್ಕನಿಯಲ್ಲಿ ತನ್ನ ಹಳೆಯ ಇಳಕಲ್ ಸೀರೆಯನ್ನು ಹಗ್ಗಕ್ಕೆ ಪರದೆಯಾಗಿ ಕಟ್ಟಿ, ಅಲ್ಲಿ ಒಂದು ಬಕೆಟ್ಟು, ಮಣೆ ಇಟ್ಟಿದ್ದಳು.

"ಇವತ್ತಿನಿಂದ ಜಳಕ ಇಲ್ಲೇ. ಇಲ್ಲಿ ನೀರು ಬ್ಯಾರೆ ಪೈಪಿನಾಗ ಹೋಗ್ತದ, ಪ್ಲಂಬರಗ ಕೇಳೇನಿ."

"ಅವ್ವಾ, ಎಷ್ಟು ದಿನಾ ಅಂತ? ನಿನಗ ಮೊಣಕಾಲು ಭಾಳ ನೋಯ್ತಾವು, ಇಲ್ಲಿ ಕೂತೇಳೂದು ಆಗ್ತದೇನು?"

"ಆಗ್ತದ ಬಿಡು. ನಾವು ಮೈ ತೊಳಕೊಂಡ ನೀರು ಇನ್ನೊಬ್ಬರ ಹಾಸಗಿ ಮ್ಯಾಲೆ ಬೀಳೂದು ನನಗ ಸೇರೂದಿಲ್ಲ. ಆ ಮನಷ್ಯಾ ಎದ್ದು ಸರಕೋಳಾಕೂ ಬರೂದಿಲ್ಲ."

ಮಾಲೀಕರದು ತಪ್ಪು, ನಾವ್ಯಾಕೆ ಕಷ್ಟಪಡಬೇಕು ಎಂದು ನಾನು ವಾದಿಸಿದೆ. "ಅವಂದು ಅವಂಗ, ನಮ್ಮದು ನಮಗ" ಎಂದು ಅವ್ವ ಕುಕ್ಕರ್ ಇಟ್ಟಳು. ಶೌಚಾಲಯ ಬೇರೆಯಾಗಿತ್ತು, ಅದಕ್ಕೆ ತೊಂದರೆ ಇರಲಿಲ್ಲ; ಅಷ್ಟೇ ಪುಣ್ಯ. ಬೆಳಿಗ್ಗೆ ಪರದೆಯ ಹಿಂದೆ ಮೈಮೇಲೆ ನೀರು ಹಾಕಿಕೊಳ್ಳುವಾಗ ಎದುರಿನ ಬೇವಿನ ಮರದಿಂದ ಮಳೆಹನಿ ಒಳಗೆ ಹಾರುತ್ತಿತ್ತು. ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದವು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ, ಆ ಚಳಿಯಲ್ಲಿ ಎರಡೂ ಒಂದೇ ಥರ ಕೇಳುತ್ತಿತ್ತು.

ಹನಿ ನಿಂತಿತು. ಆದರೆ ಕಲೆ ಒಣಗಲಿಲ್ಲ. ಒಳಗೆ ಸೇರಿದ್ದ ನೀರು ಬಹಳ ದಿನ ಜಿನುಗುತ್ತಲೇ ಇತ್ತು. ಹೋಟೆಲಿನ ಮಾಲೀಕರಿಗೆ ಎಲ್ಲವನ್ನೂ ಹೇಳಿದೆ. ಅವರು ಗಲ್ಲಾವನ್ನು ಮಗಳಿಗೆ ಬಿಟ್ಟು, ನನ್ನನ್ನು ಬಡಾವಣೆಯ ವಾಚನಾಲಯಕ್ಕೆ ಕರೆದುಕೊಂಡು ಹೋದರು. ಅಲ್ಲಿಯ ಹಿಂದಿನ ಕೋಣೆಯಲ್ಲಿ ವಾರಕ್ಕೊಂದು ಸಂಜೆ ಒಬ್ಬ ವಕೀಲೆ ಕೂತು, ಬಾಡಿಗೆಯ ಮನೆಯವರ ತಕರಾರು ಕೇಳಿ ಪುಕ್ಕಟೆ ಸಲಹೆ ಕೊಡುತ್ತಿದ್ದರು. ಬೆಂಚಿನ ಮೇಲೆ ನನ್ನಂಥವರು ಇಷ್ಟೊಂದು ಜನ ಇದ್ದಾರೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಯೆರವಡಾದಿಂದ ಬಂದಿದ್ದ ಗಂಡಹೆಂಡತಿ, ಮಾಲೀಕ ಬೀಗ ಬದಲಿಸಿದ್ದಾನೆ ಎಂದು ಹಸುಗೂಸಿನ ಸಮೇತ ಕೂತಿದ್ದರು. ಅವರ ಸರದಿ ಮೊದಲು ಬರಲೆಂದು ನಾವೆಲ್ಲ ಹಿಂದಕ್ಕೆ ಸರಿದೆವು.

ವಕೀಲೆ ಸೊಲ್ಲಾಪುರದವರು. ನನ್ನ ಮರಾಠಿಯಲ್ಲಿ ಧಾರವಾಡ ಕೇಳಿದ ಕೂಡಲೇ ಕನ್ನಡಕ್ಕೆ ತಿರುಗಿದರು. ಕರಾರನ್ನು ಓದಿ, ಪ್ಲಂಬರ್ ಹೇಳಿದ್ದನ್ನು ಕೇಳಿ, ಆರಾಮಾಗಿ ಹೇಳಿದರು:

"ನೋಡ್ರಿ, ನೆಲದ ಕೆಳಗಿನದು, ಗ್ವಾಡಿ ಒಳಗಿನದು ಮಾಲೀಕರದು. ಆದರ ಅದು ಕೆಟ್ಟದ ಅಂತ ತಿಳಸೂದು ನಿಮ್ಮ ಜವಾಬ್ದಾರಿ. ಫೋನಿನಾಗ ಅಲ್ಲ, ಬರದು ತಿಳಸ್ರಿ. ಫೋಟೋ ಹಾಕ್ರಿ. ಸೊಸೈಟಿಗೂ ಒಂದು ಕಾಪಿ ಕೊಡ್ರಿ."

"ಬಾಡಿಗೆ ನಿಲ್ಲಿಸಿಬಿಡಲೇನ್ರಿ? ಆಗ ತಾನಾಗೇ ಓಡಿ ಬರ್ತಾರ" ಎಂದೆ.

"ಸಿಟ್ಟು ಬಂದದ ಅಂತ ಬಾಡಿಗಿ ನಿಲ್ಲಸಬ್ಯಾಡ್ರಿ. ಅವರು ಮಾಡೂದು ಮಾಡಿಲ್ಲ ಅಂತ ಹೇಳಬೇಕಾದರ, ನೀವು ಮಾಡೂದು ಮಾಡಿರಬೇಕು. ಕೆಲಸಕ್ಕ ಜನ ಬಂದರ ಬಾಗಲಾ ತಗೀರಿ. ಕೆಳಗಿನವರು ನೋಡತೀವಿ ಅಂದರ ತೋರಸ್ರಿ. ಬಚ್ಚಲಾ ಬಂದ್ ಮಾಡೀರಿ ಅಂದ್ರಲ್ಲ, ಅದು ಯಾರ ತಲ್ಯಾಗ ಬಂತು?"

"ನಮ್ಮವ್ವಂದು."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಕಾಯ್ದೆದಾಗ ಅದು ಇಲ್ಲ" ಎಂದು ನಕ್ಕರು.

ಸಿಟ್ಟಿನ ಒಂದು ಶಬ್ದವೂ ಇಲ್ಲದಂತೆ ಪತ್ರ ಬರೆಯಲು ಅವರೇ ಕಲಿಸಿದರು. ಕಳಿಸಿದೆ. ಮಾಲೀಕರ ಉತ್ತರ ಬಂದದ್ದು ಫೋನಿನಲ್ಲಿ. ದನಿ ಈಗ ಸಮಾಧಾನದ್ದಾಗಿರಲಿಲ್ಲ. ಇಷ್ಟು ತ್ರಾಸವಾಗುತ್ತಿದ್ದರೆ ಮನೆ ಖಾಲಿ ಮಾಡಿ, ಕರಾರಿನಲ್ಲಿ ಒಂದು ತಿಂಗಳ ನೋಟಿಸ್ ಇದೆ ಎಂದರು. ಫೋನ್ ಇಟ್ಟ ಮೇಲೆ ನಾನು ಹಜಾರದಲ್ಲಿ ಕೂತೇ ಇದ್ದೆ. ಮತ್ತೆ ಆ ಗೇಟುಗಳು, ಮತ್ತೆ "ಮಿಸ್ಟರ್ ಕುಠೆ" ಎನ್ನುವ ದನಿ. ಅವ್ವ ಮತ್ತೆ ಅಣ್ಣನ ಮನೆಯ ಹಜಾರಕ್ಕೆ. ಅವ್ವ ಪಕ್ಕದಲ್ಲಿ ಬಂದು ಕೂತು, ನನ್ನ ಕೈಯಲ್ಲಿದ್ದ ಫೋನ್ ತೆಗೆದು ಆಚೆ ಇಟ್ಟಳು. ಏನಾಯಿತೆಂದು ಕೇಳಲಿಲ್ಲ. ಸ್ಪೀಕರಿನಲ್ಲಿ ಅವಳಿಗೆ ಎಲ್ಲ ಕೇಳಿಸಿತ್ತು.

ನಾನು ಅಂಗಡಿಗೆ ಹೋದ ಮೇಲೆ ಅವ್ವ ಕೆಳಗೆ ಹೋಗಿದ್ದಾಳೆ. ಬಾಯಿಯ ಬಾಗಿಲು ತಟ್ಟಿ, ತನ್ನ ಮರಾಠಿಯಲ್ಲಿ ಹೇಳಿದ್ದಾಳೆ: "ಆಮ್ಹೀ ಬಾತ್‌ರೂಮ್ ಬಂದ್ ಕೇಲಂ ರೀ. ಅಜೂನ್ ನೀರು ಬೀಳ್ತದೇನು, ಬಘಾಯಲಾ ಆಲೇ." ಬಚ್ಚಲು ಬಂದ್ ಮಾಡಿದ್ದೇವೆ, ಇನ್ನೂ ನೀರು ಬೀಳುತ್ತದೇನು, ನೋಡಲು ಬಂದೆ ಎಂದು. ಬಾಯಿ ನಂಬಲಿಲ್ಲವಂತೆ. ಹಾಗಾದರೆ ನೀವು ಸ್ನಾನ ಎಲ್ಲಿ ಮಾಡುತ್ತೀರಿ ಎಂದು ಕೇಳಿದರಂತೆ. ಅವ್ವ ಅವರ ಕೈ ಹಿಡಿದು ಮೇಲೆ ಕರೆತಂದು, ಧೂಳು ಕೂತ ಬಚ್ಚಲನ್ನೂ ಇಳಕಲ್ ಸೀರೆಯ ಪರದೆಯನ್ನೂ ತೋರಿಸಿದಳಂತೆ. "ಏನಂದರು?" ಎಂದು ನಾನು ಸಂಜೆ ಕೇಳಿದೆ. "ಪರದೆ ಹತ್ತರ ಹೋದರು. ಸೆರಗ ಮುಟ್ಟಿ ನೋಡಿದರು. ಆಮ್ಯಾಲೆ ನೀರು ಕುಡದು ಹೋದರು."

ಆ ಭಾನುವಾರ ಬೆಳಿಗ್ಗೆ ಸೊಸೈಟಿಯ ಸಭೆ ಕೆಳಗೆ ಪಾರ್ಕಿಂಗಿನಲ್ಲಿತ್ತು. ಪ್ಲಾಸ್ಟಿಕ್ ಕುರ್ಚಿಗಳು ಮಾಲೀಕರಿಗೆ. ಬಾಡಿಗೆಯವರನ್ನು ಕರೆಯುವ ಪದ್ಧತಿ ಇರಲಿಲ್ಲ. ನಾನು ಹಾಲು ತರುವ ನೆಪದಲ್ಲಿ ಸ್ಕೂಟರುಗಳ ಹತ್ತಿರ ನಿಂತಿದ್ದೆ, ಹೋಟೆಲಿನ ಮಾಲೀಕರೂ ಏನೋ ನೆಪ ಮಾಡಿಕೊಂಡು ನನ್ನ ಪಕ್ಕ ಬಂದು ನಿಂತರು. ಸೆಕ್ರೆಟರಿ ನಮ್ಮ ಮನೆಯ ನೀರಿನ ಸಂಪರ್ಕ ತೆಗೆಯುವ ವಿಷಯ ಎತ್ತಿದಾಗ ಕೆಳಗಿನ ಮನೆಯ ಬಾಯಿ ಎದ್ದು ನಿಂತರು. ತರಗತಿಯಲ್ಲಿ ನಿಂತಂತೆಯೇ, ಕೈ ಹಿಂದೆ ಕಟ್ಟಿ.

"ದೂರು ಕೊಟ್ಟವಳು ನಾನು" ಎಂದು ಮರಾಠಿಯಲ್ಲಿ ಶುರು ಮಾಡಿದರು. "ಆ ಮನೆಯವರು ತಮ್ಮ ನೀರನ್ನು ತಾವೇ ನಿಲ್ಲಿಸಿದ್ದಾರೆ. ಇಬ್ಬರು ಹೆಂಗಸರು ಮಳೆಯಲ್ಲಿ ಬಾಲ್ಕನಿಯಲ್ಲಿ ಸ್ನಾನ ಮಾಡುತ್ತಿದ್ದಾರೆ. ನಾನು ಅವರಿಗೆ ಏನೇನೋ ಅಂದೆ. ಇನ್ನೇನು ತೆಗೆಯಬೇಕು ನೀವು? ತೆಗೆಯಲಿಕ್ಕೆ ಏನು ಉಳಿದಿದೆ?"

ಬಾಯಿ ಸುತ್ತ ನೋಡಿ, ಸ್ಕೂಟರುಗಳ ಹತ್ತಿರ ನಿಂತಿದ್ದ ನನ್ನನ್ನು ಗುರುತಿಸಿ, "ಇಕಡೇ ಯಾ" ಎಂದು ಕರೆದರು. ತಮ್ಮ ಕುರ್ಚಿಯನ್ನು ನನ್ನ ಕಡೆ ತಳ್ಳಿದರು. ನಾನು ಕೂರಲಿಲ್ಲ, ಅವರ ಪಕ್ಕದಲ್ಲಿ ನಿಂತು ಪ್ಲಂಬರ್ ಹೇಳಿದ್ದನ್ನು ಹೇಳಿದೆ. ಸೆಕ್ರೆಟರಿಗೆ ಅದು ಹಿಡಿಸಲಿಲ್ಲವೆಂದು ಮುಖದಲ್ಲಿ ಕಾಣುತ್ತಿತ್ತು. ಆದರೂ ಸೊಸೈಟಿಯ ಹೆಸರಿನಲ್ಲಿ ನಾಶಿಕಕ್ಕೆ ಬರೆಯಲು ಒಪ್ಪಿದರು. ನಾನು ಸ್ಕೂಟರುಗಳ ಹತ್ತಿರ ಮರಳಿದಾಗ ಹೋಟೆಲಿನ ಮಾಲೀಕರು, "ನಾನು ಇಷ್ಟು ವರ್ಷದಲ್ಲಿ ಈ ಮೀಟಿಂಗಿನಲ್ಲಿ ಒಂದು ಮಾತು ಆಡಿದವನಲ್ಲ ಮಾರಾಯ್ರೆ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಅವರಿಗೆ ಸಂತೋಷವಾಗಿತ್ತೋ ಬೇಜಾರಾಗಿತ್ತೋ ನನಗೆ ತಿಳಿಯಲಿಲ್ಲ. ಎರಡೂ ಇದ್ದೀತು.

ನಾಶಿಕದ ಮಾಲೀಕರು ಬಂದರು. ನಾನು ಫೋನಿನಲ್ಲಿ ಕಲ್ಪಿಸಿಕೊಂಡಿದ್ದ ಮನುಷ್ಯನೇ ಬೇರೆ. ತೆಳ್ಳಗಿದ್ದ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಎಲ್ಲಿ ನಿಲ್ಲಬೇಕೆಂದು ತೋಚದ ಐವತ್ತರ ಹತ್ತಿರದವರು. ಅವರು ಬೆಳೆದದ್ದು ಇದೇ ಮನೆಯಲ್ಲಂತೆ. ತಾಯಿ ತೀರಿಕೊಂಡ ಮೇಲೆ ಒಳಗೆ ಕಾಲಿಟ್ಟಿರಲಿಲ್ಲವಂತೆ, ಎಲ್ಲ ಏಜೆಂಟ್ ಮೂಲಕವೇ. ಅಡುಗೆಮನೆಯ ಬಾಗಿಲಲ್ಲಿ ನಿಂತು ಒಲೆಯ ಕಡೆ ನೋಡಿದರು. ಅಲ್ಲಿ ನಮ್ಮ ಅವ್ವ ಅವರಿಗಾಗಿ ಚಹಾ ಕಾಸುತ್ತಿದ್ದಳು. ಅವರು ಬೇಗ ಬೇರೆ ಕಡೆ ತಿರುಗಿದರು. ಆಗ ಸ್ಟೂಲಿನ ಮೇಲಿನ ಫೋಟೋ ಕಾಲಿಗೆ ತಾಕಿತು.

"ಇದು ಯಾಕೆ ಇಲ್ಲಿ ಕೆಳಗೆ?"

ಮೊಳೆ ಹೊಡೆಯಬಾರದು ಎಂದು ಕರಾರಿನಲ್ಲಿದೆ ಎಂದೆ. ಅವರು ಕೆಂಪಾದರು. ಅದು ತಾವು ಬರೆಸಿದ ಮಾತಲ್ಲ, ಏಜೆಂಟನದು ಎಂದು ಹೇಳಿ, ಮೊಳೆ ಹೊಡೆಯಿರಿ ಎಂದರು. ಅವ್ವ ಚಹಾದ ಜೊತೆಗೇ ಸುತ್ತಿಗೆಯನ್ನೂ ತಂದಳು.

ಆಮೇಲೆ ನಾವೆಲ್ಲ ಕೆಳಗೆ ಹೋದೆವು. ಮಂಚದ ಮೇಲಿದ್ದ ಬಾಯಿಯ ತಮ್ಮ ಮಾಲೀಕರನ್ನು ಗುರುತಿಸಿ ಉದ್ಗಾರ ತೆಗೆದ. ಇಬ್ಬರೂ ಒಂದೇ ಅಂಗಳದಲ್ಲಿ ಕ್ರಿಕೆಟ್ ಆಡಿದವರು. ಬಾಯಿಯ ತಮ್ಮ ಹಿರಿಯ, ಮಾಲೀಕರಿಗೆ ಬೌಲಿಂಗ್ ಕಲಿಸಿದವನು. ಮಾತು ತೊದಲುತ್ತಿತ್ತು, ಆದರೆ ಅರ್ಥವಾಗುತ್ತಿತ್ತು. "ಯೇ, ಬಸ್", ಬಾ, ಕೂರು ಎಂದು ಹಾಸಿಗೆಯ ಅಂಚು ತಟ್ಟಿದ. ಮಾಲೀಕರು ಕೂತರು. "ಹಾಗಲ್ಲ, ನನ್ನ ಹಾಗೆ ತಲೆ ಹಿಂದಕ್ಕೆ ಹಾಕಿ ನೋಡು" ಎಂದ. ಅವರು ಕತ್ತು ಎತ್ತಿ ಚಾವಣಿ ನೋಡಿದರು. ಆತ ತನ್ನ ಒಳ್ಳೆಯ ಕೈಯಿಂದ ಕಲೆಯ ಅಂಚನ್ನು ತೋರಿಸುತ್ತ, ಮೊದಲು ಇಷ್ಟಿತ್ತು, ಆಮೇಲೆ ಹೀಗೆ ಬಂತು, ಈಗ ನೋಡು ಥೇಟ್ ಒಂಟೆ, ಎಂದು ವಿವರಿಸಿ ನಕ್ಕ. ಮಾಲೀಕರು ನಗಲಿಲ್ಲ. ಎದ್ದು ಬಂದು, ಹೊರಗಿನ ಮೆಟ್ಟಿಲ ಮೇಲೆ ನಿಂತು, "ಉದ್ಯಾಚ್ ಕಾಮ್ ಸುರೂ ಕರೂ" ಎಂದರು. ನಾಳೆಯೇ ಕೆಲಸ ಶುರು. ಖಾಲಿ ಮಾಡುವ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಾಳೆ ಎಂದದ್ದು ಕೆಲವು ದಿನ ಮುಂದೆ ಹೋಯಿತು. ಆದರೆ ಕೆಲಸದವರು ಬಂದರು. ಬಚ್ಚಲಷ್ಟೇ ಅಲ್ಲ, ಪಕ್ಕದ ಶೌಚಾಲಯವನ್ನೂ ಅಗೆಯಬೇಕೆಂದರು. ಅಡುಗೆಮನೆಯ ಹಿಂದಿನ ಬಾಲ್ಕನಿಯ ತುಂಬ ಸಿಮೆಂಟಿನ ಚೀಲ, ಮರಳು. ಈಗೇನು ಮಾಡುವುದೆಂದು ನಾವು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಬಾಯಿ ಮೆಟ್ಟಿಲ ಮೇಲೆ ಕಾಣಿಸಿಕೊಂಡರು. ಕೈಯಲ್ಲಿ ಅವರ ಮನೆಯ ಇನ್ನೊಂದು ಕೀಲಿಕೈ.

"ನಾನು ಬೆಳಿಗ್ಗೆ ದೇವಸ್ಥಾನಕ್ಕೆ ಹೋಗಿರುತ್ತೇನೆ. ಬಾಗಿಲು ತೆಗೆದುಕೊಂಡು ಬನ್ನಿ, ಬೇಕಾದಾಗ ಬನ್ನಿ. ಗೀಜರ್ ಹಾಕಿ ಹೋಗಿರುತ್ತೇನೆ" ಎಂದರು. ಹೇಳಿ ಮುಗಿಸಿ ತಕ್ಷಣ ಇಳಿದುಹೋದರು, ನಮಗೆ ಬೇಡ ಎನ್ನಲು ಅವಕಾಶ ಕೊಡದೆ.

ಕೆಲಸ ಮುಗಿಯುವವರೆಗೂ ನಾವಿಬ್ಬರೂ ಟವೆಲ್, ಬಟ್ಟೆ ಹಿಡಿದುಕೊಂಡು ಕೆಳಗಿನ ಮನೆಗೆ ಹೋಗುತ್ತಿದ್ದೆವು. ಒಬ್ಬರ ಮನೆಯ ಬಿಸಿನೀರಿನಲ್ಲಿ ಮೈ ತೊಳೆಯುವುದು ಎಂದರೆ ಆ ಮನೆಯ ಸೋಪಿನ ವಾಸನೆ ಹೊತ್ತು ದಿನವೆಲ್ಲ ತಿರುಗುವುದು. ನಾನು ಸ್ನಾನ ಮಾಡುವಾಗ ಅವ್ವ ಕೋಣೆಯಲ್ಲಿ ಬಾಯಿಯ ತಮ್ಮನ ಹತ್ತಿರ ಕೂರುತ್ತಿದ್ದಳು. ಆತ ಪಾರ್ಶ್ವವಾಯು ಬಡಿಯುವ ಮೊದಲು ಔಷಧಿ ಕಂಪನಿಯ ಕೆಲಸಕ್ಕೆಂದು ಗದಗದಲ್ಲಿ ಕೆಲಕಾಲ ಇದ್ದನಂತೆ. ಅಲ್ಲಿ ಕಲಿತ ಕನ್ನಡದಲ್ಲಿ ಅವನಿಗೆ ಉಳಿದಿದ್ದದ್ದು ಬಸ್‌ಸ್ಟ್ಯಾಂಡಿನ ಬೈಗುಳ ಮಾತ್ರ. ಮೊದಲ ದಿನ ಅವ್ವನನ್ನು ಖುಷಿಪಡಿಸಲು ಅದರಲ್ಲೊಂದನ್ನು ನಮ್ರವಾಗಿ, ಕೈ ಎತ್ತಿ, ನಮಸ್ಕಾರದಂತೆ ಹೇಳಿದ. ಬಚ್ಚಲೊಳಗಿದ್ದ ನಾನು ನಲ್ಲಿ ನಿಲ್ಲಿಸಿದೆ. ಆಮೇಲೆ ಅವ್ವ ಬಿದ್ದು ಬಿದ್ದು ನಗುವುದು ಕೇಳಿಸಿತು. "ಅದಲ್ಲೋ ತಮ್ಮಾ, 'ಹ್ಯಾಂಗದೀರಿ' ಅನ್ನು" ಎಂದು ಕಲಿಸುತ್ತಿದ್ದಳು. ಅಪ್ಪ ಹೋದ ಮೇಲೆ ಅವ್ವ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಸೋಪು ಹಚ್ಚಿದ ಮುಖದಲ್ಲೇ ನಿಂತು ಕೇಳಿಸಿಕೊಂಡೆ.

ಮೇಲೆ ಕೊನೆಯ ಹಂತದಲ್ಲಿ ಟೈಲ್ಸ್ ಆರಿಸುವುದು ಬಂತು. ಮಾಲೀಕರು ಫೋನಿನಲ್ಲಿ, "ಆಯಿಯನ್ನು ಕೇಳಿ" ಎಂದರು. ಅವರ ಮಾತಿನಲ್ಲಿ ನಮ್ಮ ಅವ್ವ ಆಯಿ, ಅಂದರೆ ಅಮ್ಮ, ಆಗಿದ್ದಳು. ಅವ್ವ ಅಂಗಡಿಗೆ ಬಂದು ಎಲ್ಲ ಹೊಳೆಯುವ ಟೈಲ್ಸ್ ಬಿಟ್ಟು, ಕಾಲು ಜಾರದ, ದೊರಗು ಮೈಯ, ತಿಳಿ ಹಸಿರಿನದನ್ನು ಆರಿಸಿದಳು. ಇದು ಚಂದ ಇಲ್ಲ ಎಂದೆ. "ನಾಳೆ ಯಾರರ ಮುದುಕರು ಇರಾಕ ಬಂದರ?" ಎಂದಳು. ನೆಲದ ಮೇಲೆ ನೀರು ನಿಲ್ಲಿಸಿ ಪರೀಕ್ಷೆ ಮಾಡಿದ ದಿನ ಬಾಯಿ ಕೆಳಗಿನಿಂದ ಆಗಾಗ ಕೂಗಿ, ಒಣಗಿದೆ, ಒಣಗಿದೆ ಎಂದು ವರದಿ ಕೊಟ್ಟರು. ಸುಣ್ಣ ಬಳಿದ ಮೇಲೆ ಬಾಯಿಯ ತಮ್ಮನಿಗೆ ಸ್ವಲ್ಪ ಬೇಸರವಾಯಿತಂತೆ. ಒಂಟೆ ಹೋಯಿತು, ಈಗ ನೋಡಲು ಏನೂ ಇಲ್ಲ ಎಂದನಂತೆ. ಅದಕ್ಕೆ ಬಾಯಿ ಅವನ ದಿಂಬನ್ನು ಮಂಚದ ಇನ್ನೊಂದು ತುದಿಗೆ ಹಾಕಿ ಕಿಟಕಿ ಕಾಣುವಂತೆ ಮಾಡಿದರು.

ಕರಾರು ಮುಗಿದಾಗಲೆಲ್ಲ ಮಾಲೀಕರು ತಾವೇ ಬಂದು ಮುಂದುವರಿಸಿದರು. ಬಾಗಿಲ ಕೀಲು ಸಡಿಲವಾದರೆ ನಾನೇ ಬಿಗಿ ಮಾಡಿಸುತ್ತಿದ್ದೆ. ಗೋಡೆಯಲ್ಲಿ ಬಿರುಕು ಕಂಡರೆ ಅವರಿಗೆ ತಿಳಿಸುತ್ತಿದ್ದೆ, ಅವರು ಮಾಡಿಸುತ್ತಿದ್ದರು. ತಡವಾದರೆ ನೆನಪಿಸುತ್ತಿದ್ದೆ, ನೆನಪಿಸಿದ್ದಕ್ಕೆ ಅವರು ಸಿಟ್ಟಾಗುತ್ತಿರಲಿಲ್ಲ. ಬಾಡಿಗೆಯ ಮನೆ ಎಂದರೆ ಏನು ಎಂದು ನಾನು ಆ ವರ್ಷಗಳಲ್ಲಿ ಎಷ್ಟೋ ಸಲ ಯೋಚಿಸಿದ್ದೇನೆ. ಮನೆ ನನ್ನದಲ್ಲ ಎನ್ನುವುದು ಎಂದೂ ಮರೆಯುವಂಥದ್ದಲ್ಲ. ಆದರೆ ಅದರಲ್ಲಿ ನಾನು ಹಚ್ಚಿದ ದೀಪ, ಬಳಸಿದ ನೀರು, ಮಾಡಿದ ಸಪ್ಪಳ ನನ್ನದೇ. ಕೆಳಗೆ ಮಲಗಿದವನಿಗೆ ಆ ನೀರು ಯಾರ ಹೆಸರಿನ ಮನೆಯಿಂದ ಬಂತು ಎನ್ನುವುದರಿಂದ ಏನಾಗಬೇಕು? ಇದನ್ನು ಯಾರೂ ನನಗೆ ಕೂರಿಸಿ ಹೇಳಲಿಲ್ಲ. ಅವ್ವನಂತೂ ಇಂಥ ಮಾತು ಆಡುವವಳೇ ಅಲ್ಲ.

ನಮ್ಮ ಅಂಗಡಿಯವರು ಯೆರವಡಾದಲ್ಲಿ ಇನ್ನೊಂದು ಶಾಖೆ ತೆರೆದು ನನ್ನನ್ನು ಅಲ್ಲಿಗೆ ಹಾಕಿದಾಗ ಗುಲ್‌ಟೇಕಡಿ ಬಿಡಬೇಕಾಯಿತು. ಎರಡು ಬಸ್ ಬದಲಿಸಿ ಮನೆ ಸೇರುವಷ್ಟರಲ್ಲಿ ಅವ್ವ ಊಟಕ್ಕೆ ಕಾದು ಕಾದು ಕೂತಲ್ಲೇ ತೂಕಡಿಸುತ್ತಿದ್ದಳು. ಒಂದು ತಿಂಗಳ ನೋಟಿಸ್ ಈ ಸಲ ನಾನು ಕೊಟ್ಟೆ, ಬರೆದೇ ಕೊಟ್ಟೆ. ಮಾಲೀಕರು ಫೋನ್ ಮಾಡಿ, "ಆಯಿಗೆ ಹೇಳಿ, ಯಾವಾಗ ಬೇಕಾದರೂ ಬರಲಿ" ಎಂದರು. ಅವ್ವ ಮನೆಯನ್ನು ತೊಳೆದ ರೀತಿ ನೋಡಿದರೆ ಬಿಟ್ಟು ಹೋಗುವವಳಂತೆ ಇರಲಿಲ್ಲ, ಯಾರದೋ ಮದುವೆ ಇದ್ದಂತಿತ್ತು.

ನಾವು ಹೊರಡುವ ಬೆಳಿಗ್ಗೆಯೇ ಹೊಸ ಬಾಡಿಗೆಯವರು ಬಂದರು. ಲಾತೂರಿನ ಕಡೆಯ ಎಳೆಯ ದಂಪತಿ, ಹುಡುಗಿ ತುಂಬಿದ ಬಸುರಿ. ಸಾಮಾನು ಟೆಂಪೋಕ್ಕೆ ಏರಿಸಿ ಮೇಲೆ ಬಂದರೆ ಅವ್ವ ಆ ಹುಡುಗಿಗೆ ಬಚ್ಚಲಿನಲ್ಲಿ ನಿಂತು ಪಾಠ ಮಾಡುತ್ತಿದ್ದಳು. ಯಾವ ವಾಲ್ವ್ ಯಾವುದಕ್ಕೆ, ನೀರು ಹೋಗುವ ಜಾಳಿಗೆಯಲ್ಲಿ ಕೂದಲು ಸಿಕ್ಕರೆ ಹೇಗೆ ತೆಗೆಯುವುದು, ಗೋಡೆಯ ಈ ಮೂಲೆ ಬೆವರಿದರೆ ತಕ್ಷಣ ಯಾರಿಗೆ ತಿಳಿಸುವುದು. ಮರಾಠಿ ಸಾಲದ ಕಡೆ ಕನ್ನಡ, ಕನ್ನಡ ಸಾಲದ ಕಡೆ ಕೈ. ಹುಡುಗಿ ತಲೆಯಾಡಿಸುತ್ತಿದ್ದಳು.

"ಅವ್ವಾ, ಟೆಂಪೋದಾಂವ ಅವಸರಾ ಮಾಡಾಕತ್ತಾನ."

"ತಡಿ, ಬಂದೆ" ಎಂದು ಅವ್ವ ಹುಡುಗಿಯ ಕೈ ಹಿಡಿದುಕೊಂಡು, ಅವಳ ಹೊಟ್ಟೆ ನೋಡಿ ಒಂದೊಂದೇ ಮೆಟ್ಟಿಲು ಇಳಿಸಿ, ಕೆಳಗಿನ ಮನೆಯ ಗಂಟೆ ಒತ್ತಿದಳು. ಬಾಯಿ ಬಾಗಿಲು ತೆರೆದರು.

"ಇವರು ನೋಡ್ರಿ, ಮ್ಯಾಲೆ ಬಂದಾರ" ಎಂದು ಅವ್ವ ಅಪ್ಪಟ ಕನ್ನಡದಲ್ಲೇ ಪರಿಚಯ ಮಾಡಿಕೊಟ್ಟಳು.

"ಯಾ, ಆತ್ ಯಾ" ಎಂದು ಬಾಯಿ ಹುಡುಗಿಯನ್ನು ಒಳಗೆ ಕರೆದು, ಅವಳಿಗೆ ಕುರ್ಚಿ ಎಳೆದು ಕೊಟ್ಟರು. ಒಳಗಿನ ಕೋಣೆಯಿಂದ, "ಹ್ಯಾಂಗದೀರಿ?" ಎಂದು ತೊದಲು ದನಿ ಕೇಳಿಸಿತು. ಲಾತೂರಿನ ಹುಡುಗಿ ಗಾಬರಿಯಾಗಿ ಅವ್ವನ ಮುಖ ನೋಡಿದಳು. ಕೆಳಗಡೆ ಟೆಂಪೋದವನು ಹಾರ್ನ್ ಹಾಕತೊಡಗಿದ. ನಾನು ಬಾಗಿಲಲ್ಲೇ ನಿಂತು ಕರೆದೆ. ಅವ್ವ ಆಗಲೇ ಒಳಗೆ ಕೂತುಬಿಟ್ಟಿದ್ದಳು.

"ನೀನೂ ಬಾ ಒಳಗ. ಚಹಾ ಇಟ್ಟಾರ."

ಟೆಂಪೋದವನನ್ನೂ ಮೇಲಕ್ಕೆ ಕರೆದೆ.